ಮಗ ಬೆಂಗಳೂರಿಗೆ ಹೋದ ಮೇಲೂ ಹಾಡು ಬರಬೇಕು

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದು ತೋಟದ ಮನೆ. ನಾನು, ನಮ್ಮ ಯಜಮಾನರು, 80 ದಾಟಿದ ಅತ್ತೆ, ಮೂರೇ ಜನ. ಹಳೆಯ ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್, ಸುಮಾರು 200 ಸಿಡಿ, ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್ ಇವೆ. ಈಗ ಫೈಬರ್ ಇಂಟರ್ನೆಟ್ ಬಂದಿದೆ. ಬೆಂಗಳೂರಿನಲ್ಲಿರುವ ಮಗ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ತಂದು, ಹಾಡುಗಳನ್ನೆಲ್ಲ ಒಂದೆಡೆ ಇಟ್ಟು ಹಾಡಿಸುವ ಮ್ಯೂಸಿಕ್ ಸರ್ವರ್ ಮಾಡಿಕೊಡುತ್ತೇನೆ ಅನ್ನುತ್ತಾನೆ. ಅಂಗಡಿಯವರು ಸ್ಮಾರ್ಟ್ ಸ್ಪೀಕರ್ ತಗೊಳ್ಳಿ ಅಂದರು. ನನಗೆ ವಾಟ್ಸ್‌ಆ್ಯಪ್ ಬರುತ್ತದೆ, ಯುಪಿಐ ಬರುತ್ತದೆ, ಅದಕ್ಕಿಂತ ಜಾಸ್ತಿ ಗೊತ್ತಿಲ್ಲ. ಯಾವುದು ತಗೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಸ್ಪೀಕರ್ ವಿಷಯವನ್ನಲ್ಲ, ಮಗ ಬೆಂಗಳೂರಿನಲ್ಲಿದ್ದಾನೆ ಅನ್ನುವುದನ್ನು.

ಇಂಥ ವ್ಯವಸ್ಥೆ ಕೂರಿಸುವುದು ಕಷ್ಟವಲ್ಲ. ಗೊತ್ತಿರುವವರು ಅರ್ಧ ದಿನದಲ್ಲಿ ಕೂರಿಸಿ ಹೋಗುತ್ತಾರೆ. ಆಮೇಲೆ ಜುಲೈ ತಿಂಗಳ ಒಂದು ಸಂಜೆ, ಮಳೆ ಹೊಡೆಯುತ್ತಿರುವಾಗ, ಕರೆಂಟ್ ನಾಲ್ಕೈದು ಸಲ ಹೋಗಿ ಬಂದು ಹಾಡು ನಿಂತುಬಿಡುತ್ತದೆ. ಆಗ ಮನೆಯಲ್ಲಿ ಇರುವವರು ಯಾರು? ಅವರಿಗೆ ಅದನ್ನು ಮತ್ತೆ ಶುರು ಮಾಡಲು ಬರುತ್ತದಾ? ತಿಳಿವಳಿಕೆಗೆ ತಕ್ಕ ವ್ಯವಸ್ಥೆ ಅಂದರೆ ಕೂರಿಸಿದವರ ತಿಳಿವಳಿಕೆಗೆ ತಕ್ಕದ್ದಲ್ಲ, ಆ ಸಂಜೆ ಮನೆಯಲ್ಲಿರುವವರ ತಿಳಿವಳಿಕೆಗೆ ತಕ್ಕದ್ದು. ನಿಮ್ಮ ಮನೆಯಲ್ಲಿ ಅದು ನೀವು. ಹಾಗಾಗಿ ಮೊದಲು ನಿಮ್ಮ ಕೈಯಲ್ಲೇ ರಿಪೇರಿ ಆಗುವಂಥದ್ದು ಒಂದು ಇರಲಿ. ಮಗನ ಸರ್ವರ್ ಬೇಡ ಅನ್ನುವುದಿಲ್ಲ. ಅದು ಎರಡನೆಯದಾಗಿ, ಪಕ್ಕದಲ್ಲಿ ಬರಲಿ.

ಹಳೆಯ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಮಾರಬೇಡಿ. ದೊಡ್ಡ ಹಾಲ್ ತುಂಬುವಂತೆ ಹಾಡಲು ಅವೇ ಬೇಕು. ಒಂದು ಸಲ ಸ್ಪೀಕರ್ ಮುಂದಿನ ಬಟ್ಟೆ ತೆಗೆದು ನೋಡಿ. ಕೋನ್ ಸುತ್ತ ಫೋಮ್ ಅಂಚಿದ್ದು, ಬೆರಳು ತಾಗಿಸಿದರೆ ಪುಡಿಯಾಗುತ್ತಿದ್ದರೆ ಆ ಅಂಚನ್ನು ಮಾತ್ರ ಬದಲಿಸಬಹುದು. ನಮ್ಮ ಕಡೆಯ ತೇವಕ್ಕೆ ಫೋಮ್ ಬೇಗ ಹೋಗುತ್ತದೆ, ರಬ್ಬರ್ ಅಂಚು ಬಾಳುತ್ತದೆ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಒಳಗೆ ಧೂಳು, ಕಿಲುಬು ಕೂತಿದೆ ಎಂದು ಅರ್ಥ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಈಗ ಆಂಪ್ಲಿಫೈಯರ್‌ನ ಹಿಂಬದಿ ನೋಡಿ. ಕೆಂಪು, ಬಿಳಿ ತೂತುಗಳ ಜೋಡಿಗಳ ಮೇಲೆ ಆಕ್ಸ್, ಸಿಡಿ, ಟ್ಯೂನರ್, ಟೇಪ್, ಫೋನೋ ಅಂತ ಬರೆದಿರುತ್ತದೆ. ಫೋನೋ ಒಂದನ್ನು ಬಿಟ್ಟು ಉಳಿದವೆಲ್ಲ ಒಂದೇ ಥರದವು. ಟ್ಯೂನರ್ ಅಂತ ಬರೆದಿದ್ದರೂ ಅಲ್ಲಿಗೆ ಫೋನ್ ಜೋಡಿಸಬಹುದು, ಏನೂ ಆಗುವುದಿಲ್ಲ. ಟೇಪ್‌ನಲ್ಲಿ ಮಾತ್ರ ಎರಡು ಜೋಡಿ ಇರುತ್ತವೆ, ಪ್ಲೇ ಅಥವಾ ಇನ್ ಅಂತಿರುವುದಕ್ಕೆ ಹಾಕಿ. ಫೋನೋಗೆ ಬೇಡ. ಅದು ಗ್ರಾಮಫೋನ್ ತಟ್ಟೆಯ ಸಣ್ಣ ಸಿಗ್ನಲ್ಲಿಗೆ ಮಾಡಿದ್ದು, ಬೇರೆ ಏನನ್ನು ಕೊಟ್ಟರೂ ಒಡಕು ಸದ್ದು ಬರುತ್ತದೆ. ಈ ಸಾಲು ತೂತುಗಳೇ ನಿಮಗೆ ದೊಡ್ಡ ಅನುಕೂಲ. ಒಂದೊಂದು ತೂತಿಗೆ ಒಂದೊಂದು ದಾರಿ ಕೊಟ್ಟರೆ, ಒಂದು ಕೆಟ್ಟಾಗ ಆಂಪ್ಲಿಫೈಯರ್ ಮುಂಬದಿಯ ಗುಂಡಿ ತಿರುಗಿಸಿ ಇನ್ನೊಂದಕ್ಕೆ ಹೋಗಬಹುದು.

ಮುಂದಕ್ಕೆ ಹೋಗುವ ಮೊದಲು ಒಂದು ವಿಷಯ ಗೊತ್ತಿರಬೇಕು, ಅಂಗಡಿಯಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹಾಡು ಸ್ಪೀಕರಿಗೆ ತಲುಪಲು ಎರಡು ದಾರಿಗಳಿವೆ. ಬ್ಲೂಟೂತ್‌ನಲ್ಲಿ ಹಾಡು ಫೋನಿಗೆ ಬಂದು, ಫೋನಿಂದ ಸ್ಪೀಕರಿಗೆ ಹೋಗುತ್ತದೆ. ಸ್ಪಾಟಿಫೈ ಕನೆಕ್ಟ್, ಗೂಗಲ್ ಕಾಸ್ಟ್ ಥರದ ವೈಫೈ ದಾರಿಯಲ್ಲಿ ಫೋನು ಬರೀ ಆಜ್ಞೆ ಕೊಡುತ್ತದೆ, ಆಂಪ್ಲಿಫೈಯರ್ ಪಕ್ಕದ ಪೆಟ್ಟಿಗೆ ತಾನೇ ಇಂಟರ್ನೆಟ್ಟಿಂದ ಹಾಡು ತಂದುಕೊಳ್ಳುತ್ತದೆ. ಮೊದಲನೆಯದು ನೀವೇ ಸಂತೆಗೆ ಹೋಗಿ ಸಾಮಾನು ಹೊತ್ತು ತಂದ ಹಾಗೆ, ಎರಡನೆಯದು ಅಂಗಡಿಗೆ ಚೀಟಿ ಕಳಿಸಿದ ಹಾಗೆ. ವೈಫೈ ದಾರಿಯಲ್ಲಿ ಫೋನಿಗೆ ಕರೆ ಬಂದರೂ ಹಾಡು ನಿಲ್ಲುವುದಿಲ್ಲ, ಫೋನ್ ತಗೊಂಡು ಕಣದ ಕಡೆ ಹೋದರೂ ನಿಲ್ಲುವುದಿಲ್ಲ. ಆದರೆ ಇಂಟರ್ನೆಟ್ ಹೋದರೆ ನಿಲ್ಲುತ್ತದೆ. ಬ್ಲೂಟೂತ್‌ಗೆ ಇಂಟರ್ನೆಟ್ ಬೇಕಿಲ್ಲ. ಫೋನಿಗೆ ಮೊದಲೇ ಇಳಿಸಿಟ್ಟ ಹಾಡು ನೆಟ್ ಇಲ್ಲದಿದ್ದರೂ ಬರುತ್ತದೆ. ಮರ ಬಿದ್ದು ಫೈಬರ್ ತುಂಡಾಗುವ ಊರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ, ಅಲ್ವಾ?

ನಿಮ್ಮ ಮೊದಲ ಹೆಜ್ಜೆ ಇದು. ಮನೆಯಲ್ಲಿ ಯಾರಾದರೂ ಬದಲಿಸಿ ಬಿಟ್ಟ ಹಳೆಯ ಸ್ಮಾರ್ಟ್‌ಫೋನ್ ಇರುತ್ತದೆ. ಅದರ ಸಿಮ್ ತೆಗೆದು, ವೈಫೈಗೆ ಜೋಡಿಸಿ, ಹಾಡಿಗೆ ಮಾತ್ರ ಇಡಿ. ಹೆಡ್‌ಫೋನ್ ತೂತಿದ್ದರೆ 3.5 ಮಿಲಿಮೀಟರ್‌ನಿಂದ ಕೆಂಪು-ಬಿಳಿ ಪಿನ್ನಿಗೆ ಹೋಗುವ ಕೇಬಲ್ ತಂದು ನೇರ ಆಕ್ಸ್‌ಗೆ ಹಾಕಿ. ತೂತಿಲ್ಲದಿದ್ದರೆ ಆಕ್ಸ್‌ಗೆ ಜೋಡಿಸುವ ಒಂದು ಬ್ಲೂಟೂತ್ ರಿಸೀವರ್ ತನ್ನಿ. ಎರಡೂ ದುಬಾರಿ ಅಲ್ಲ. ಆ ಫೋನಿಗೆ ಕರೆ ಬರುವುದಿಲ್ಲ, ಹಾಡಿನ ಮಧ್ಯೆ ವಾಟ್ಸ್‌ಆ್ಯಪ್ ಟಣ್ ಅನ್ನುವುದಿಲ್ಲ, ಅತ್ತೆಯವರೂ ಹೆದರದೆ ಮುಟ್ಟಬಹುದು. ಕೆಟ್ಟರೆ ಆಫ್ ಮಾಡಿ ಆನ್ ಮಾಡುವುದು ನಿಮಗೆ ಬರುತ್ತದೆ. ಇದು ಸರ್ವರಿಗಿಂತ ಕಡಿಮೆ ದರ್ಜೆಯದು ಅಂತ ಅಂದುಕೊಳ್ಳಬೇಡಿ. ಹಾಡಿನ ಗುಣಮಟ್ಟ ಜಾಸ್ತಿ ಬದಲಾಗುವುದು ಸ್ಪೀಕರ್ ಎಲ್ಲಿಟ್ಟಿದ್ದೀರಿ ಅನ್ನುವುದರಿಂದ. ಗೋಡೆ ಮೂಲೆಯಿಂದ ಅವನ್ನು ಸ್ವಲ್ಪ ಮುಂದಕ್ಕೆ ತಂದು ನೋಡಿ, ನಿಮಗೇ ಗೊತ್ತಾಗುತ್ತದೆ. ಫೋನನ್ನು ಮಾತ್ರ ಹಗಲು ರಾತ್ರಿ ಚಾರ್ಜಿಗೆ ಹಾಕಿಡಬೇಡಿ, ಹಳೆಯ ಬ್ಯಾಟರಿ ಉಬ್ಬುತ್ತದೆ.

ಬ್ಲೂಟೂತ್ ಸಾಮಾನ್ಯವಾಗಿ 10 ಮೀಟರ್ ತಲುಪುತ್ತದೆ ಅನ್ನುವುದು ಅಡ್ಡಗೋಡೆ ಇಲ್ಲದ ಜಾಗದ ಮಾತು. ಹಳೆಯ ಮನೆಯ ದಪ್ಪ ಗೋಡೆ ನಡುವೆ ಬಂದರೆ ಅಡುಗೆಮನೆ ತಲುಪುವಷ್ಟರಲ್ಲೇ ತುಂಡು ತುಂಡಾಗುತ್ತದೆ. ಆದ್ದರಿಂದ ಹಾಡಿನ ಫೋನ್ ಆಂಪ್ಲಿಫೈಯರ್ ಇರುವ ಕೋಣೆಯಲ್ಲೇ ಇರಲಿ.

ಆ ಫೋನಿನಲ್ಲಿ ಯಾವ ಸೇವೆ? ಹಳೆಯ ಕನ್ನಡ ಸಿನಿಮಾ ಹಾಡುಗಳು ಹೆಚ್ಚೂಕಡಿಮೆ ಎಲ್ಲದರಲ್ಲೂ ಸಿಗುತ್ತವೆ. ಕೊಡವ ಹಾಡು, ವಾಲಗ, ಊರ ಕಡೆಯವರು ತಾವೇ ರೆಕಾರ್ಡ್ ಮಾಡಿದ್ದು ಬೇಕಾದರೆ ಯೂಟ್ಯೂಬ್ ಮ್ಯೂಸಿಕ್ ಅನುಕೂಲ, ಯೂಟ್ಯೂಬ್‌ಗೆ ಜನ ಹಾಕಿದ ಹಾಡುಗಳೂ ಅದರಲ್ಲಿ ಬರುತ್ತವೆ. ಸ್ಪಾಟಿಫೈನಲ್ಲಿ ಹಣ ಕೊಟ್ಟ ಪ್ಲಾನಿನಲ್ಲಿ ಡೌನ್‌ಲೋಡ್ ಸೌಲಭ್ಯ ಇದ್ದರೆ ಒಂದು ಫೋನಿಗೆ 10,000 ಹಾಡುಗಳವರೆಗೆ ಇಳಿಸಿಡಬಹುದು, 30 ದಿನಕ್ಕೆ ಒಂದು ಸಲವಾದರೂ ಆ ಫೋನ್ ಇಂಟರ್ನೆಟ್ ಕಂಡರೆ ಸಾಕು. ಮೇ ತಿಂಗಳಲ್ಲೇ ಬೇಕಾದ್ದೆಲ್ಲ ಇಳಿಸಿಟ್ಟುಕೊಳ್ಳಿ. ಹಣ ಕೊಡುವಾಗ ಡೌನ್‌ಲೋಡ್ ಉಂಟಾ ಅಂತ ಖಚಿತ ಮಾಡಿಕೊಳ್ಳಿ. ನಮ್ಮ ಕಡೆ ಅದು ಆಡಂಬರವಲ್ಲ, ಅಗತ್ಯ. ಡೇಟಾ ಲೆಕ್ಕವೂ ಬೇಕಾದರೆ: ಸೆಕೆಂಡಿಗೆ 320 ಕಿಲೋಬಿಟ್ ಲೆಕ್ಕದಲ್ಲಿ ಒಂದು ಗಂಟೆಗೆ 144 ಎಂಬಿ ಹೋಗುತ್ತದೆ. ದಿನಕ್ಕೆ 4 ಗಂಟೆ ಕೇಳಿದರೂ ತಿಂಗಳಿಗೆ ಸುಮಾರು 17 ಜಿಬಿ. ಫೈಬರಿಗೆ ಇದು ಏನೇನೂ ಅಲ್ಲ.

ಒಂದು ಮಳೆಗಾಲ ಇದರಲ್ಲೇ ಕಳೆಯಿರಿ. ಸಾಲದು ಅನ್ನಿಸಿದರೆ ಎರಡನೆಯ ಹೆಜ್ಜೆ ವೈಫೈ ಸ್ಟ್ರೀಮರ್. ಅಂಗೈಯಗಲದ ಪೆಟ್ಟಿಗೆ, ಸ್ಪೀಕರ್ ಇರುವುದಿಲ್ಲ, ನಿಮ್ಮ ಆಂಪ್ಲಿಫೈಯರಿಗೇ ಜೋಡಿಸುವಂಥದ್ದು. ವಿಮ್ (WiiM) ಬ್ರ್ಯಾಂಡಿನದು ಈಗ ಹೆಚ್ಚು ಜನ ಬಳಸುತ್ತಾರೆ, ಬೇರೆಯವೂ ಇವೆ. ರಿಮೋಟ್ ಇದ್ದು, ಅದರಲ್ಲಿ ಮೊದಲೇ ಹೊಂದಿಸಿಟ್ಟ ಬಟನ್‌ಗಳಿರುವ ಮಾದರಿ ಆರಿಸಿ. ಒಂದನೇ ಬಟನ್ ಒತ್ತಿದರೆ ಹಳೆಯ ಸಿನಿಮಾ ಹಾಡು, ಎರಡು ಒತ್ತಿದರೆ ದೇವರ ನಾಮ. ಅತ್ತೆಯವರಿಗೆ ಪರದೆ ನೋಡುವ ಕೆಲಸವೇ ಇಲ್ಲ.

ಇದು ನಿಮ್ಮ ಕೈಗೆ ಒಗ್ಗುತ್ತದಾ ಎಂದು ತಿಳಿಯಲು ನಿಮ್ಮನ್ನೇ ಕೇಳಿಕೊಳ್ಳಿ. ಹೊಸ ವೈಫೈಗೆ ಫೋನನ್ನು ಯಾರ ಸಹಾಯವೂ ಇಲ್ಲದೆ ಜೋಡಿಸಿದ್ದೀರಾ? ಯಾವುದು ರೂಟರ್ ಎಂದು ಗೊತ್ತಾ? ಎರಡಕ್ಕೂ ಹೌದು ಅಂದರೆ ನೀವು ಇದನ್ನು ನಡೆಸಬಲ್ಲಿರಿ. ಯುಪಿಐ ನಿಭಾಯಿಸುವವರಿಗೆ ಇದೇನೂ ದೊಡ್ಡದಲ್ಲ.

ತೋಟದ ಮನೆಗಳಲ್ಲಿ ವೈಫೈ ಪೆಟ್ಟಿಗೆ ಸತಾಯಿಸುವುದಕ್ಕೆ ಕಾರಣ ಹೆಚ್ಚಾಗಿ ಪೆಟ್ಟಿಗೆಯಲ್ಲ, ಎರಡನೆಯ ರೂಟರ್. ಹಾಲ್‌ನಲ್ಲಿ ಒಂದು, ಹಿಂದಿನ ಕೋಣೆಗೆ ಸಿಗ್ನಲ್ ಇಲ್ಲ ಅಂತ ಇನ್ನೊಂದು. ಇವೆರಡೂ ಬೇರೆ ಬೇರೆ ನೆಟ್‌ವರ್ಕ್ ಮಾಡಿಕೊಂಡು ಕೂತಿರುತ್ತವೆ. ಫೋನ್ ಒಂದರಲ್ಲಿ, ಪೆಟ್ಟಿಗೆ ಇನ್ನೊಂದರಲ್ಲಿ ಇದ್ದರೆ ಒಂದಕ್ಕೊಂದು ಕಾಣುವುದೇ ಇಲ್ಲ. ಎರಡೂ ಒಂದೇ ನೆಟ್‌ವರ್ಕ್ ಆಗುವಂತೆ ಎರಡನೆಯ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿಕೊಡು ಅಂತ ಮಗನಿಗೆ ಹೇಳಿ, ಐದು ನಿಮಿಷದ ಕೆಲಸ. ನೆಂಟರಿಗೆಂದು ಬೇರೆ ಇಟ್ಟ ಗೆಸ್ಟ್ ವೈಫೈನಲ್ಲಿ ಇದ್ದರೂ ಇದೇ ತೊಂದರೆ. ಇನ್ನು ದಪ್ಪ ಗೋಡೆ ದಾಟಲು ರೂಟರಿನ 5 ಗಿಗಾಹರ್ಟ್ಸ್ ಸಿಗ್ನಲ್‌ಗಿಂತ 2.4 ವಾಸಿ. ವೇಗ ಕಡಿಮೆ, ಆದರೆ ಹಾಡಿಗೆ ಅಷ್ಟು ಧಾರಾಳ ಸಾಕು.

ಮುಂದೆ ಎಂದಾದರೂ ರೂಟರ್ ಬದಲಾದರೆ, ಹೊಸದಕ್ಕೂ ಹಳೆಯ ವೈಫೈ ಹೆಸರು, ಹಳೆಯ ಪಾಸ್‌ವರ್ಡನ್ನೇ ಇಡಲು ಹೇಳಿ. ಅಕ್ಷರ, ಸ್ಪೇಸ್ ಎಲ್ಲ ಹಾಗೇ ಇರಬೇಕು. ಆಗ ಸಾಮಾನ್ಯವಾಗಿ ಪೆಟ್ಟಿಗೆ, ಫೋನ್, ಟಿವಿ ಎಲ್ಲ ತಾವಾಗಿಯೇ ಜೋಡಿಕೊಳ್ಳುತ್ತವೆ. ಎಷ್ಟೋ ಮನೆಗಳಲ್ಲಿ ಒಳ್ಳೆಯ ಸಿಸ್ಟಮ್ ಮೂಲೆ ಸೇರಿದ್ದು ಈ ಒಂದು ಕಾರಣಕ್ಕೆ.

ಕರೆಂಟ್ ವಿಷಯಕ್ಕೆ ಬರೋಣ. ಹಾಡಿನ ಸಿಸ್ಟಮ್ಮಿಗೆ ಖರ್ಚು ಮಾಡುವ ಮೊದಲು ರೂಟರಿಗೆ ಒಂದು ಮಿನಿ ಯುಪಿಎಸ್ ತನ್ನಿ. ಬಹಳಷ್ಟು ರೂಟರ್‌ಗಳು 12 ವೋಲ್ಟ್‌ನಲ್ಲಿ ನಡೆಯುತ್ತವೆ, ಆದರೂ ಅಡಾಪ್ಟರ್ ಮೇಲೆ ಬರೆದಿರುವುದನ್ನು ಓದಿ ಅದಕ್ಕೆ ಸರಿಹೊಂದುವುದನ್ನೇ ಕೊಳ್ಳಿ. ಫೈಬರ್ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಇದರಿಂದ ಗಳಿಗೆಗೊಮ್ಮೆ ಕರೆಂಟ್ ಹೋದಾಗ ರೂಟರ್ ಮತ್ತೆ ಶುರುವಾಗುವ ತನಕ ಕಾಯುವುದು ತಪ್ಪುತ್ತದೆ. ವೈಫೈ ಪೆಟ್ಟಿಗೆಗಳು ದಾರಿ ತಪ್ಪುವುದೂ ಆ ಹೊತ್ತಿನಲ್ಲೇ. ಆಂಪ್ಲಿಫೈಯರನ್ನು ಮನೆಯ ಇನ್ವರ್ಟರ್ ಮೇಲೆ ನಡೆಸುವುದಾದರೆ ಅದು ಸೈನ್ ವೇವ್ ಆಗಿರಲಿ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಸ್ಪೀಕರ್ ಗುಂಯ್ ಅನ್ನುತ್ತದೆ, ಒಳಗಿನ ಟ್ರಾನ್ಸ್‌ಫಾರ್ಮರೂ ಬಿಸಿಯಾಗುತ್ತದೆ.

ಸಿಡಿಲು ಬೇರೆಯೇ ಮಾತು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕೀಳುವುದೇ ಮದ್ದು. ಸ್ಪೈಕ್ ಗಾರ್ಡ್ ಸಣ್ಣಪುಟ್ಟ ಏರಿಳಿತ ತಡೆಯುತ್ತದೆ, ಹತ್ತಿರ ಬಿದ್ದ ಸಿಡಿಲನ್ನಲ್ಲ. ಫೈಬರ್ ಒಳಗಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ, ಆದರೆ ಅಡಾಪ್ಟರ್ ಇರುವುದು ಕರೆಂಟಿನಲ್ಲೇ. ಇನ್ನೊಂದು ಎಚ್ಚರಿಕೆ, ಇದನ್ನು ಮಗನಿಗೂ ಓದಿ ಹೇಳಿ. ಮನೆಯಿಂದ ಗೆಸ್ಟ್ ರೂಮಿಗೋ ಕಣದ ಪಕ್ಕದ ಆಫೀಸಿಗೋ ನೆಟ್ ಒಯ್ಯಲು ತಾಮ್ರದ ಲ್ಯಾನ್ ಕೇಬಲ್ ಎಳೆಯಬೇಡಿ. ಕೇಬಲ್ 100 ಮೀಟರ್ ತನಕ ಕೆಲಸ ಮಾಡುತ್ತದೆ ಅನ್ನುವುದು ಸರಿ. ಆದರೆ ಎರಡು ಕಟ್ಟಡಗಳ ನಡುವೆ ಬಯಲಲ್ಲಿ ತಾಮ್ರ ಇದ್ದರೆ ಸಿಡಿಲಿನ ಹೊಡೆತ ಎರಡೂ ಕಡೆಯ ಸಾಮಾನು ಸುಡಬಹುದು. ಅಲ್ಲಿಗೂ ಫೈಬರನ್ನೇ ಎಳೆಸಿ.

ಅಂಗಡಿಯವರು ಹೇಳಿದ ಸ್ಮಾರ್ಟ್ ಸ್ಪೀಕರ್ ನಿಮಗೆ ನಾನು ಹೇಳುವುದಿಲ್ಲ. ಅಲೆಕ್ಸಾ ಜೊತೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತಾಡಬೇಕು, ಅತ್ತೆಯವರ ಕನ್ನಡ ಅದಕ್ಕೆ ತಿಳಿಯುವುದಿಲ್ಲ. ಕನ್ನಡ ಹಾಡಿನ ಹೆಸರು ಹೇಳಿದರೆ ಕೆಲವು ಸಲ ಬೇರೇನೋ ಹಾಕುತ್ತದೆ. ನೆಟ್ ಹೋದರೆ ಮಾತಾಡಿದ್ದಕ್ಕೆ ಉತ್ತರವೇ ಇಲ್ಲ. ಒಂದು ಸಣ್ಣ ಕೋಣೆಗಾದರೆ ಸರಿ, ಅಷ್ಟೊಳ್ಳೆ ಸ್ಪೀಕರ್ ಇರುವ ಮನೆಗೆ ಸುಮ್ನೆ ಯಾಕೆ?

ಈಗ ಮಗನ ರಾಸ್ಪ್‌ಬೆರಿ ಪೈ. ಇದರ ಬಗ್ಗೆ ನನಗೆ ಪ್ರೀತಿ ಇದೆ, ಬಿಡಿಸಿಯೇ ಹೇಳುತ್ತೇನೆ. ಕಂಪನಿಗಳನ್ನು ನಂಬಿ ಕೂತರೆ ಏನಾಗುತ್ತದೆ ನೋಡಿ. ಗೂಗಲ್ 2015ರಲ್ಲಿ ಕ್ರೋಮ್‌ಕಾಸ್ಟ್ ಆಡಿಯೋ ಅನ್ನುವ ಚಂದದ ಪುಟ್ಟ ಪೆಟ್ಟಿಗೆ ತಂದಿತು, ಹಳೆಯ ಆಂಪ್ಲಿಫೈಯರ್‌ಗಳಿಗೆ ಹೇಳಿ ಮಾಡಿಸಿದ್ದು. 2019ರ ಹೊತ್ತಿಗೆ ಮಾಡುವುದನ್ನೇ ನಿಲ್ಲಿಸಿತು. 2025ರ ಮಾರ್ಚ್‌ನಲ್ಲಿ ಕಂಪನಿಯ ಕಡೆಯ ಒಂದು ಡಿಜಿಟಲ್ ಸರ್ಟಿಫಿಕೇಟ್ ಅವಧಿ ಮುಗಿದು, ಜಗತ್ತಿನ ಎಲ್ಲೆಡೆ ಅವು ಕೆಲವು ದಿನ ಕೆಲಸ ಮಾಡಲಿಲ್ಲ. ಮನೆಯಲ್ಲಿದ್ದವರು ಏನೂ ತಪ್ಪು ಮಾಡಿರಲಿಲ್ಲ. ಹಾಡಿನ ಸೇವೆಗಳ ಕಥೆಯೂ ಇಷ್ಟೇ. ಏರ್‌ಟೆಲ್ ಕಂಪನಿಯ ವಿಂಕ್ 2024ರಲ್ಲಿ ಮುಚ್ಚಿತು. ಇನ್ನೊಂದು ಕಡೆ, ಲಾಜಿಟೆಕ್ ಕಂಪನಿ ಸ್ಕ್ವೀಝ್‌ಬಾಕ್ಸ್ ಅನ್ನುವ ಹಾಡಿನ ಪೆಟ್ಟಿಗೆಗಳನ್ನು 2012ರಲ್ಲಿ ಕೈಬಿಟ್ಟರೂ ಅದರ ಸರ್ವರ್ ಸಾಫ್ಟ್‌ವೇರ್ ಮುಕ್ತವಾಗಿದ್ದರಿಂದ ಬಳಕೆದಾರರೇ ಉಳಿಸಿಕೊಂಡು ಬಂದರು. ಈಗ ಲಿರಿಯಾನ್ ಅನ್ನುವ ಹೆಸರಿನಲ್ಲಿ ಅದು ಚೆನ್ನಾಗಿ ನಡೆಯುತ್ತಿದೆ, ಉಚಿತವಾಗಿಯೂ ಇದೆ. ನಿಮ್ಮ 200 ಸಿಡಿಗಳಿಗೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ. ಸಂಗೀತ ಕಛೇರಿಯ ಸಿಡಿಯಲ್ಲಿ ಆಲಾಪನೆ ಮುಗಿದು ಮುಂದಿನ ಟ್ರ್ಯಾಕ್ ಶುರುವಾಗುವಾಗ ಮಧ್ಯೆ ತುಂಡಾಗದೆ ಹಾಡುತ್ತದೆ. ಎಲ್ಲ ಸರ್ವರ್‌ಗಳೂ ಹಾಗೆ ಹಾಡುವುದಿಲ್ಲ.

ಆದರೆ ಪೈಗೆ ಕೊಡಗಿನಲ್ಲಿ ಒಬ್ಬ ಶತ್ರು ಇದ್ದಾನೆ, ಕರೆಂಟ್. ಅದರ ಸಾಫ್ಟ್‌ವೇರ್ ಎಲ್ಲ ಸಣ್ಣ ಎಸ್‌ಡಿ ಕಾರ್ಡಿನಲ್ಲಿರುತ್ತದೆ. ಕಾರ್ಡಿಗೆ ಬರೆಯುತ್ತಿರುವ ಹೊತ್ತಿನಲ್ಲಿ ಕರೆಂಟ್ ಹೋದರೆ ಕಾರ್ಡ್ ಕೆಡಬಹುದು, ಆಮೇಲೆ ಪೈ ಏಳುವುದೇ ಇಲ್ಲ. ಅದಕ್ಕೆ ಮಗನಿಗೆ ಪೈಕೋರ್‌ಪ್ಲೇಯರ್ ಅನ್ನುವ ಸಾಫ್ಟ್‌ವೇರ್ ನೋಡಲು ಹೇಳಿ. ಅದು ಶುರುವಾದ ಮೇಲೆ ಪೂರ್ತಿ ಮೆಮೊರಿಯಲ್ಲೇ ನಡೆಯುತ್ತದೆ, ತಾನಾಗಿ ಕಾರ್ಡಿಗೆ ಬರೆಯುವುದು ತೀರಾ ಕಡಿಮೆ. ಲಿರಿಯಾನ್ ಕೂಡ ಅದರ ಜೊತೆಗೇ ಕೂರುತ್ತದೆ, ಅದರ ಫೈಲುಗಳನ್ನು ಹಾಡುಗಳ ಜೊತೆ ಹೊರಗಿನ ಡಿಸ್ಕಿನಲ್ಲಿಡಲಿ. ಪೈಗೂ ಸಣ್ಣ ಯುಪಿಎಸ್ ಇರಲಿ. ಸದ್ದಿಗೆ ಪೈಗೆ ಸ್ವಂತ ಹೆಡ್‌ಫೋನ್ ತೂತಿದ್ದರೂ ಅದು ಸಾಲದು, ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಒಗ್ಗುವ ಸಿಗ್ನಲ್ ಮಾಡಿಕೊಡುವ, ಪೈ ಮೇಲೆ ಕೂರುವ ಡ್ಯಾಕ್ ಬೋರ್ಡ್ ಬೇಕು. ಎಲ್ಲ ಆದ ಮೇಲೆ ಅದೇ ಕಾರ್ಡಿನ ಇನ್ನೊಂದು ನಕಲು ಮಾಡಿ, ಪೆಟ್ಟಿಗೆಗೇ ಅಂಟಿಸಿ ಹೋಗಲಿ. ಕೆಟ್ಟ ದಿನ ಕಾರ್ಡ್ ಬದಲಿಸುವುದು ಸಿಮ್ ಬದಲಿಸಿದಷ್ಟೇ ಸುಲಭ, ನೀವೇ ಮಾಡಬಹುದು. ಈ ನಕಲು ಕಾರ್ಡ್ ಇಲ್ಲದೆ ಪೈ ಇಟ್ಟುಕೊಳ್ಳಬೇಡಿ.

ಬೆಂಗಳೂರಿನಿಂದಲೇ ನೋಡಿಕೊಳ್ಳುತ್ತೇನೆ ಅಂದರೆ ದೂರದಿಂದ ಸುರಕ್ಷಿತವಾಗಿ ಜೋಡಿಸುವ ಟೇಲ್‌ಸ್ಕೇಲ್ ಅನ್ನುವ ಸಾಫ್ಟ್‌ವೇರ್ ಹಾಕಲಿ, ರೂಟರಿನಲ್ಲಿ ಪೋರ್ಟ್ ತೆರೆಯುವುದು ಬೇಡ. ಅದು ಹೊರಗಿನವರಿಗೆ ಬಾಗಿಲು ತೆರೆದಿಟ್ಟ ಹಾಗೆ, ಅಪಾಯ. ಅದೂ ಅಲ್ಲದೆ ಎಷ್ಟೋ ಇಂಟರ್ನೆಟ್ ಕಂಪನಿಗಳು ಒಂದೇ ಹೊರವಿಳಾಸವನ್ನು ಹಲವು ಮನೆಗೆ ಹಂಚುವುದರಿಂದ ಅದು ನಡೆಯುವುದೂ ಇಲ್ಲ. ಇದಕ್ಕಿಂತ ಮೇಲಿನ ರೂನ್ ಅನ್ನುವ ಸಾಫ್ಟ್‌ವೇರ್, ನಾಸ್ ಅನ್ನುವ ಡಿಸ್ಕ್ ಪೆಟ್ಟಿಗೆ ಇವೆಲ್ಲ ದುಬಾರಿ ಹವ್ಯಾಸ. ನಿಮಗೆ ಬೇಕಿಲ್ಲ.

ಕೊನೆಗೆ ಜೋಡಣೆ ಹೀಗಿರಲಿ. ಆಕ್ಸ್‌ಗೆ ಹಾಡಿನ ಫೋನ್. ಟೇಪ್‌ಗೆ ವೈಫೈ ಪೆಟ್ಟಿಗೆ, ಮುಂದೆ ತಗೊಂಡರೆ. ಸಿಡಿ ತೂತಿಗೆ ಮಗನ ಪೈ. ಟ್ಯೂನರ್ ಇದ್ದರೆ ಅದು ಅಲ್ಲೇ ಇರಲಿ, ಮಡಿಕೇರಿ ಆಕಾಶವಾಣಿ ಕೇಳಲು ಇಂಟರ್ನೆಟ್ಟೂ ಬೇಡ, ಪಾಸ್‌ವರ್ಡೂ ಬೇಡ. ಗುಂಡಿಯ ಯಾವ ತಿರುವಿಗೆ ಏನು ಅಂತ ಕನ್ನಡದಲ್ಲಿ ದಪ್ಪಗೆ ಬರೆದು ಆಂಪ್ಲಿಫೈಯರ್ ಮೇಲೆ ಅಂಟಿಸಿ. ವೈಫೈ ಹೆಸರು, ಪಾಸ್‌ವರ್ಡನ್ನೂ ಒಂದು ಚೀಟಿಯಲ್ಲಿ ಬರೆದು ಅಲ್ಲೇ ಡ್ರಾಯರ್‌ನಲ್ಲಿಡಿ. ಮಗ ಯಾವ ತೂತಿಗೆ ಏನು ಮಾಡಿದರೂ ಆಕ್ಸ್ ಮುಟ್ಟಬಾರದು, ಅದು ನಿಮ್ಮದು.

ಸಿಡಿಗಳನ್ನು ಕಂಪ್ಯೂಟರಿಗೆ ಇಳಿಸುವುದು ಮಗನ ಕೆಲಸ. ವಿಂಡೋಸ್‌ನಲ್ಲಾದರೆ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ಸಾಫ್ಟ್‌ವೇರ್ ಒಳ್ಳೆಯದು. ಫ್ಲ್ಯಾಕ್ ರೂಪದಲ್ಲಿ ಇಳಿಸಿದರೆ ಏನೂ ಕಳೆದುಹೋಗುವುದಿಲ್ಲ. ಒಂದು ಸಿಡಿಗೆ 300ರಿಂದ 400 ಎಂಬಿ ಅಂದುಕೊಂಡರೂ 200 ಸಿಡಿ 80 ಜಿಬಿ ಒಳಗೆ ಮುಗಿಯುತ್ತದೆ, 128 ಜಿಬಿ ಪೆನ್‌ಡ್ರೈವ್ ಸಾಕು. ಹೆಸರು ಬರೆಯುವಾಗ ಗಾಯಕರ ಹೆಸರಿಗೆ ಒಂದೇ ರೀತಿ ಇರಲಿ. ಪಿ.ಬಿ. ಶ್ರೀನಿವಾಸ್ ಅವರ ಹೆಸರನ್ನು ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ಬರೆದರೆ ಸರ್ವರ್ ಅವರನ್ನು ಇಬ್ಬರು ಅಂತ ತಿಳಿಯುತ್ತದೆ, ಅರ್ಧ ಹಾಡು ಹುಡುಕಿದರೂ ಸಿಗುವುದಿಲ್ಲ.

ಇದೆಲ್ಲಕ್ಕಿಂತ ಮುಂಚೆ ಮಾಡಬೇಕಾದ್ದು ಕ್ಯಾಸೆಟ್ ಪೆಟ್ಟಿಗೆಯ ಕೆಲಸ. ಅಂಗಡಿಯಿಂದ ತಂದ ಸಿನಿಮಾ ಹಾಡಿನ ಕ್ಯಾಸೆಟ್‌ಗಳನ್ನು ಬದಿಗಿಡಿ, ಅವು ಎಲ್ಲಾದರೂ ಸಿಕ್ಕೇ ಸಿಗುತ್ತವೆ. ಮನೆಯವರೇ ರೆಕಾರ್ಡ್ ಮಾಡಿದ್ದನ್ನು ಹುಡುಕಿ: ಮದುವೆಯ ವಾಲಗ, ಪುತ್ತರಿ ಹಬ್ಬದ ಹಾಡು, ಹಿರಿಯರ ಮಾತು. ಅವು ಯಾವ ಸೇವೆಯಲ್ಲೂ ಇಲ್ಲ, ಪ್ರತಿ ಮಳೆಗಾಲಕ್ಕೂ ಒಂದಿಷ್ಟು ಹಾಳಾಗುತ್ತಿವೆ. ಕ್ಯಾಸೆಟ್‌ನ ಕಿಟಕಿಯಿಂದ ನೋಡಿದಾಗ ಸುರುಳಿಯ ಅಂಚಿನಲ್ಲಿ ಬಿಳಿ ಬೂಸ್ಟು ಕಂಡರೆ ಡೆಕ್‌ಗೆ ಹಾಕಬೇಡಿ. ಬೂಸ್ಟು ಡೆಕ್‌ನ ಹೆಡ್‌ಗೆ ಹತ್ತಿ ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ. ಅಂಥವನ್ನು ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಟ್ಟು, ಟೇಪ್ ಶುಚಿ ಮಾಡಲು ಬಲ್ಲವರಿಗೆ ಕೊಡಿ. ಚೆನ್ನಾಗಿರುವುದನ್ನು ಕಾಫಿ ಕೊಯ್ಲು ಮುಗಿದ ಒಣ ದಿನಗಳಲ್ಲಿ, ಒಂದು ಸಲ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ, ಆಮೇಲೆ ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನುವ ಸಾಫ್ಟ್‌ವೇರ್‌ನಿಂದ ರೆಕಾರ್ಡ್ ಮಾಡಿಸಿ. ಅದೂ ಉಚಿತ. ಎರಡು ನಕಲು ಮಾಡಿ, ಒಂದು ನಿಮ್ಮಲ್ಲಿರಲಿ, ಇನ್ನೊಂದನ್ನು ಮಗ ಬೆಂಗಳೂರಿಗೆ ಒಯ್ಯಲಿ. ಅವನು ಮುಂದಿನ ಸಲ ಬಂದಾಗ ಪೈಗಿಂತ ಮೊದಲು ಈ ಕೆಲಸ ಹಚ್ಚಿ.